ಭಾರಕ್ಕೆ ದಾರಿ ತೋರಿದ ನೆರ್ವಿ

ಕ್ರೀಡಾಂಗಣದಲ್ಲಿ ನೆರೆದ ಸಹಸ್ರಾರು ಜನರ ದೃಷ್ಟಿಯೆಲ್ಲ ಆಟಗಾರರ ಮೇಲಿರುತ್ತದೆ. ತಲೆಯ ಮೇಲಿನ ಚಾವಣಿಯನ್ನು ಹೊತ್ತಿರುವುದು ಯಾವುದು, ತಾವು ಕುಳಿತ ಮೆಟ್ಟಿಲುಗಳಿಗೆ ಆಧಾರವೇನು ಎಂದು ಯಾರೂ ಯೋಚಿಸುವುದಿಲ್ಲ. ಆ ಭಾರವೆಲ್ಲ ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ, ಅಡಿಪಾಯದಿಂದ ನೆಲಕ್ಕೆ ಇಳಿಯಲೇಬೇಕು. ಈ ದಾರಿ ಒಂದೆಡೆ ಕಡಿದರೂ ಅನಾಹುತ ತಪ್ಪದು. ಇಂಥ ದಾರಿಯನ್ನು ಭದ್ರವಾಗಿಯೂ ಸುಂದರವಾಗಿಯೂ ರೂಪಿಸಿ ಜಗತ್ತಿನ ಮೆಚ್ಚುಗೆ ಗಳಿಸಿದವರು ಇಟಲಿಯ ಇಂಜಿನಿಯರ್ ಪಿಯೆರ್ ಲುಯಿಜಿ ನೆರ್ವಿ.

ನೆರ್ವಿಯವರು 1891ರಲ್ಲಿ ಉತ್ತರ ಇಟಲಿಯ ಸೊಂಡ್ರಿಯೊ ಎಂಬ ಊರಿನಲ್ಲಿ ಜನಿಸಿದರು. 1913ರಲ್ಲಿ ಬೊಲೋನ್ಯ ವಿಶ್ವವಿದ್ಯಾನಿಲಯದಿಂದ ಇಂಜಿನಿಯರಿಂಗ್ ಪದವಿ ಪಡೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಇಂಜಿನಿಯರಿಂಗ್ ದಳದಲ್ಲಿ ಸೇವೆ ಸಲ್ಲಿಸಿದರು. ಮುಂದೆ ತಮ್ಮದೇ ಕಟ್ಟಡ ನಿರ್ಮಾಣ ಸಂಸ್ಥೆಯನ್ನು ಸ್ಥಾಪಿಸಿದರು. ನಕ್ಷೆ ಬರೆಯುವವರೂ ಕಟ್ಟುವವರೂ ಅವರೇ ಆದುದರಿಂದ ಲೆಕ್ಕದಲ್ಲಿ ತಪ್ಪಿದರೂ, ಖರ್ಚು ಮಿತಿಮೀರಿದರೂ ಹೊಣೆ ಅವರದೇ ಆಗಿತ್ತು.

1932ರಲ್ಲಿ ಪೂರ್ಣಗೊಂಡ ಫ್ಲಾರೆನ್ಸ್ ನಗರದ ಕ್ರೀಡಾಂಗಣವು ಅವರಿಗೆ ಕೀರ್ತಿ ತಂದಿತು. ಅಲ್ಲಿನ ಮುಖ್ಯ ಪ್ರೇಕ್ಷಕಾಂಗಣದ ಚಾವಣಿ ಮುಂದಕ್ಕೆ ಚಾಚಿಕೊಂಡಿದೆ. ಅದರ ಮುಂಚಿಗೆ ಕಂಬಗಳಿಲ್ಲ. ಹೀಗೆ ಚಾಚಿದ ಚಾವಣಿ ಮುಗ್ಗರಿಸದಂತೆ ತಡೆಯುವುದು ಹೇಗೆ? ನೆರ್ವಿಯವರು ಚಾವಣಿಯ ತೊಲೆಗಳನ್ನು ಬುಡದಲ್ಲಿ ಕವಲೊಡೆಸಿ, ಆಸನಗಳನ್ನು ಹೊತ್ತ ಕಾಂಕ್ರೀಟಿನ ಚೌಕಟ್ಟಿನೊಡನೆ ಬೆಸೆದರು. ಚಾವಣಿಯೂ ಆಸನಗಳೂ ಒಂದೇ ದೇಹದ ಅಂಗಗಳಂತೆ ಕೂಡಿ ಭಾರವನ್ನು ನೆಲಕ್ಕೆ ಇಳಿಸಿದವು.

ಅನಂತರ ಅವರು ಇಟಲಿಯ ವಾಯುಪಡೆಗಾಗಿ ವಿಮಾನ ನಿಲ್ಲಿಸುವ ವಿಶಾಲ ಕಟ್ಟಡಗಳನ್ನು ಕಟ್ಟಿದರು. ಕೇವಲ ಲೆಕ್ಕಾಚಾರವನ್ನು ನಂಬದೆ, ಸಣ್ಣ ಮಾದರಿಗಳ ಮೇಲೆ ಭಾರ ಹೇರಿ ಪರೀಕ್ಷಿಸಿದರು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ಆ ಕಟ್ಟಡಗಳನ್ನು ನಾಶಮಾಡಿತು. ವರ್ಷಗಳ ಶ್ರಮ ಮಣ್ಣುಗೂಡಿತು. ಆದರೂ ನೆರ್ವಿಯವರು ಎದೆಗುಂದಲಿಲ್ಲ. ತೆಳುವಾದ ಉಕ್ಕಿನ ಬಲೆಗಳ ಪದರಗಳಿಗೆ ಸಿಮೆಂಟಿನ ಗಾರೆ ಮೆತ್ತಿ, ಹಗುರವೂ ದೃಢವೂ ಆದ ವಸ್ತುವನ್ನು ಸಿದ್ಧಪಡಿಸಿದರು. ಅದರಿಂದ ಒಂದು ದೋಣಿಯನ್ನೂ ಮಾಡಿಸಿದರು.

1960ರಲ್ಲಿ ರೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಅದಕ್ಕಾಗಿ ವಾಸ್ತುಶಿಲ್ಪಿ ವಿಟೆಲ್ಲೊಟ್ಸಿಯವರೊಡನೆ ಸೇರಿ ನೆರ್ವಿಯವರು 1957ರಲ್ಲೇ ಚಿಕ್ಕ ಕ್ರೀಡಾಭವನವೊಂದನ್ನು ಮುಗಿಸಿದ್ದರು. ಸುಮಾರು 60 ಮೀಟರ್ ವ್ಯಾಸದ ಅದರ ಗುಮ್ಮಟವನ್ನು ನೆಲದ ಮೇಲೆ ಮೊದಲೇ ಎರಕಹೊಯ್ದ 1620 ಬಿಡಿಭಾಗಗಳಿಂದ ಜೋಡಿಸಲಾಯಿತು. ಗುಮ್ಮಟವು ಕೆಳಕ್ಕೆ ಮಾತ್ರ ಒತ್ತುವುದಿಲ್ಲ. ಅಂಚಿನಲ್ಲಿ ಹೊರಕ್ಕೂ ತಳ್ಳುತ್ತದೆ. ನೆಟ್ಟಗೆ ನಿಂತ ಕಂಬಗಳು ಈ ತಳ್ಳುವಿಕೆಗೆ ಸುಲಭವಾಗಿ ಬಾಗುತ್ತವೆ. ಆದುದರಿಂದ ನೆರ್ವಿಯವರು ಕವೆಗೋಲಿನಂಥ 36 ಆಸರೆಗಳನ್ನು ಗುಮ್ಮಟದ ಅಂಚಿನ ಇಳಿಜಾರಿಗೆ ಸರಿಯಾಗಿ ಓರೆಯಾಗಿ ನಿಲ್ಲಿಸಿದರು. ಭಾರವು ಬಂದ ದಿಕ್ಕಿನಲ್ಲಿಯೇ ಆಸರೆಗಳ ಮೂಲಕ ಹರಿದು ನೆಲವನ್ನು ಸೇರಿತು. ಅಲ್ಲಿಯೂ ಆಸರೆಗಳ ಪಾದಗಳು ಹೊರಕ್ಕೆ ಜಾರದಿರಬೇಕಲ್ಲವೆ? ಅದಕ್ಕಾಗಿ ನೆಲದೊಳಗೆ ಕಾಂಕ್ರೀಟಿನ ಬಳೆಯೊಂದನ್ನು ನಿರ್ಮಿಸಿ ಅವುಗಳನ್ನೆಲ್ಲ ಬಂಧಿಸಿದರು. ಬಂಡಿಯ ಚಕ್ರವನ್ನು ಬಿಗಿದ ಕಬ್ಬಿಣದ ಪಟ್ಟಿಯಂತೆ ಆ ಬಳೆ ಕಟ್ಟಡವನ್ನು ಹಿಡಿದಿಟ್ಟಿದೆ. ಓರೆಯಾದ ಆಸರೆಗಳು ನೋಡುಗರ ಕಣ್ಣಿಗೆ ಬೀಳುತ್ತವೆ. ಬಳೆ ಮಾತ್ರ ಮಣ್ಣಿನಲ್ಲಿ ಅಡಗಿದೆ.

ನೆರ್ವಿಯವರು ರೋಮ್ ವಿಶ್ವವಿದ್ಯಾನಿಲಯದಲ್ಲಿ ಹಲವು ವರ್ಷ ಅಧ್ಯಾಪಕರಾಗಿದ್ದು, ತಮ್ಮ ಅನುಭವವನ್ನು ತರುಣರಿಗೆ ಧಾರೆಯೆರೆದರು. 1979ರಲ್ಲಿ ನಿಧನರಾದರು. ಅವರ ಕಟ್ಟಡಗಳ ಸೊಬಗು ಮೇಲೆ ಅಂಟಿಸಿದ ಅಲಂಕಾರವಲ್ಲ. ಹೊತ್ತ ಭಾರವನ್ನು ಪ್ರಾಮಾಣಿಕವಾಗಿ ನೆಲಕ್ಕೆ ಮುಟ್ಟಿಸುವ ಕಾರ್ಯದಿಂದಲೇ ಮೂಡಿದ ಸೊಬಗು ಅದು. ಅದರ ಆಶ್ರಯದಲ್ಲಿ ಕುಳಿತವರು ನಿಶ್ಚಿಂತೆಯಿಂದ ಆಟ ನೋಡುವುದೇ ಆ ಶಿಲ್ಪಿಯ ಶ್ರಮಕ್ಕೆ ಸಂದ ಗೌರವ.