ಶಿಲೆಗಳಲ್ಲಿ ಸೃಷ್ಟಿಯನ್ನು ಓದಿದ ಪಾದ್ರಿ: ಟೆಯಾರ್ ದ ಶಾರ್ದಾಂ

ಜೀವಜಗತ್ತು ಕೋಟ್ಯಂತರ ವರ್ಷಗಳಲ್ಲಿ ಹಂತಹಂತವಾಗಿ ವಿಕಾಸಗೊಂಡಿತೆಂದು ವಿಜ್ಞಾನ ಹೇಳುತ್ತದೆ. ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದನೆಂದು ಬೈಬಲ್ ವರ್ಣಿಸುತ್ತದೆ. 1859ರಲ್ಲಿ ಡಾರ್ವಿನ್ನನ ಗ್ರಂಥ ಪ್ರಕಟವಾದ ಮೇಲೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೆಂದು ಅನೇಕರು ಭಾವಿಸಿದರು. ಎರಡನ್ನೂ ಕೈಬಿಡದೆ, ಅದಕ್ಕಾಗಿ ಜೀವನವಿಡೀ ಬೆಲೆ ತೆತ್ತವರು ಫ್ರಾನ್ಸಿನ ಜೆಸ್ವಿಟ್ ಪಾದ್ರಿ ಹಾಗೂ ಪ್ರಾಗ್ಜೀವಿ ವಿಜ್ಞಾನಿ ಪಿಯರ್ ಟೆಯಾರ್ ದ ಶಾರ್ದಾಂ.

ಅವರ ಜನನ 1881ರ ಮೇ 1ರಂದು, ಫ್ರಾನ್ಸಿನ ಓವೆರ್ನ್ಯ ಪ್ರಾಂತದಲ್ಲಿ. ಜ್ವಾಲಾಮುಖಿಗಳು ಆರಿಹೋದ ಆ ನೆಲದಲ್ಲಿ ತಂದೆ ಮಕ್ಕಳಿಗೆ ಕಲ್ಲು, ಕೀಟ, ಸಸ್ಯಗಳ ಪರಿಚಯ ಮಾಡಿಸಿದರು; ತಾಯಿ ಭಕ್ತಿಯನ್ನು ಬಿತ್ತಿದರು. ಎಂದೂ ನಾಶವಾಗದ ವಸ್ತುವೆಂದು ನಂಬಿ ಬಾಲಕನು ಜೋಪಾನವಾಗಿಟ್ಟ ಕಬ್ಬಿಣದ ತುಂಡು ತುಕ್ಕು ಹಿಡಿದಾಗ ಅವನಿಗಾದ ದುಃಖ ಅಷ್ಟಿಷ್ಟಲ್ಲ. ಅಳಿಯದ ವಸ್ತುವಿಗಾಗಿ ಅಂದು ತೊಡಗಿದ ಹುಡುಕಾಟ ಕೊನೆಯವರೆಗೂ ನಿಲ್ಲಲಿಲ್ಲ.

1899ರಲ್ಲಿ ಜೆಸ್ವಿಟ್ ಸಂಘ ಸೇರಿ, ಕೈರೋದಲ್ಲಿ ಅಧ್ಯಾಪಕರಾಗಿದ್ದು, 1911ರಲ್ಲಿ ಇಂಗ್ಲೆಂಡಿನಲ್ಲಿ ಗುರುದೀಕ್ಷೆ ಪಡೆದರು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಕಾರ್ಯವನ್ನು ಕೈಗೊಂಡು ಶೌರ್ಯಪದಕಗಳಿಗೆ ಪಾತ್ರರಾದರು. 1922ರಲ್ಲಿ ಡಾಕ್ಟರೇಟ್ ಪಡೆದರು; ಪ್ಯಾರಿಸ್ಸಿನ ಕ್ಯಾಥೊಲಿಕ್ ವಿದ್ಯಾಪೀಠದಲ್ಲಿ ಬೋಧಿಸುತ್ತಿದ್ದರು.

ಸಂಕಟ ಆರಂಭವಾದದ್ದು ಅಲ್ಲಿಯೇ. ಮನುಷ್ಯನು ವಿಕಾಸದಿಂದ ಬಂದವನಾದರೆ, ಆದಾಮನೊಬ್ಬನ ಅಪರಾಧದಿಂದ ಮಾನವಕುಲಕ್ಕೆಲ್ಲ ಪಾಪ ಅಂಟಿತೆಂಬ ಬೋಧನೆಯನ್ನು ಹೇಗೆ ಅರಿಯಬೇಕು? ಈ ಪ್ರಶ್ನೆಯನ್ನು ಕುರಿತು ಅವರು ಬರೆದ ಖಾಸಗಿ ಟಿಪ್ಪಣಿಯೊಂದು ರೋಮ್ ತಲುಪಿತು. ಅಧ್ಯಾಪನದಿಂದ ಅವರನ್ನು ದೂರವಿಡಲಾಯಿತು. ಸಂಘವನ್ನು ತೊರೆದು ಸ್ವತಂತ್ರರಾಗಬಹುದಿತ್ತು. ಆದರೆ ತಾವು ಕೈಗೊಂಡ ವ್ರತವನ್ನು ಮುರಿಯಲು ಅವರು ಒಪ್ಪಲಿಲ್ಲ, ವಿಚಾರವನ್ನೂ ಬಿಡಲಿಲ್ಲ.

ಮುಂದಿನ ಎರಡು ದಶಕಗಳ ಬಹುಭಾಗ ಚೀನದಲ್ಲಿ ಕಳೆಯಿತು. ಅದಕ್ಕೂ ಮುನ್ನ 1923ರಲ್ಲಿ ಓರ್ಡೋಸ್ ಮರುಭೂಮಿಗೆ ಹೋಗಿದ್ದಾಗ ಬಲಿಪೂಜೆಗೆ ರೊಟ್ಟಿ, ದ್ರಾಕ್ಷಾರಸಗಳಿಲ್ಲದೆ, ಇಡೀ ಭೂಮಿಯ ದುಡಿಮೆ ಮತ್ತು ನೋವುಗಳನ್ನೇ ನೈವೇದ್ಯವೆಂದು ದೇವರಿಗೆ ಅರ್ಪಿಸಿದ್ದರು. ಪೀಕಿಂಗ್ ಬಳಿಯ ಝೋಕೌಡಿಯನ್ ಗುಹೆಗಳಲ್ಲಿ 1929ರಲ್ಲಿ ಪೈ ವೆನ್‌ಝಾಂಗ್ ಅವರಿಗೆ ಆದಿಮಾನವನ ತಲೆಬುರುಡೆ ದೊರೆತಾಗ, ಆ ತಂಡದ ಭೂವಿಜ್ಞಾನಿ ಟೆಯಾರ್ ಅವರೇ. 1935ರಲ್ಲಿ ಹೆಲ್ಮುಟ್ ಡಿ ಟೆರ್ರಾ ಅವರೊಂದಿಗೆ ಭಾರತಕ್ಕೂ ಬಂದು ಕಾಶ್ಮೀರ ಹಾಗೂ ನರ್ಮದಾ ಕಣಿವೆಯ ಪದರಗಳನ್ನು ಪರಿಶೀಲಿಸಿದರು. ಅದೇ ನರ್ಮದೆಯ ದಡದ ಹಥ್ನೋರಾದಲ್ಲಿ 1982ರಲ್ಲಿ ಪ್ರಾಚೀನ ಮಾನವನ ತಲೆಬುರುಡೆಯ ಭಾಗ ಪತ್ತೆಯಾದದ್ದು ಗಮನಾರ್ಹ.

ಅವರ ದರ್ಶನದಲ್ಲಿ ಸೃಷ್ಟಿಯು ಎಂದೋ ಮುಗಿದ ಕಾರ್ಯವಲ್ಲ, ಇನ್ನೂ ನಡೆಯುತ್ತಿರುವ ಕ್ರಿಯೆ. ಜಡದಿಂದ ಜೀವ, ಜೀವದಿಂದ ಚಿಂತನೆ ಮೂಡಿತು. ರಚನೆ ಜಟಿಲವಾದಂತೆ ಅರಿವೂ ಬೆಳೆಯಿತು. ಈ ಯಾತ್ರೆಯ ಕೊನೆಯ ನೆಲೆಯನ್ನು ಅವರು ಒಮೆಗಾ ಬಿಂದುವೆಂದು ಕರೆದು, ಅಲ್ಲಿ ಕ್ರಿಸ್ತನನ್ನು ಕಂಡರು. ಇದನ್ನು ನಿರೂಪಿಸುವ ಅವರ ಮುಖ್ಯ ಕೃತಿಯ ಪ್ರಕಟಣೆಗೆ ರೋಮ್ ಅನುಮತಿ ನೀಡಲಿಲ್ಲ. ಪ್ಯಾರಿಸ್ಸಿನಲ್ಲಿ ಉನ್ನತ ಪೀಠವೊಂದನ್ನು ಸ್ವೀಕರಿಸಲೂ ಬಿಡಲಿಲ್ಲ. 1955ರ ಏಪ್ರಿಲ್ 10ರಂದು, ಈಸ್ಟರ್ ಭಾನುವಾರ, ಅವರು ನ್ಯೂಯಾರ್ಕಿನಲ್ಲಿ ನಿಧನರಾದರು. ಹಸ್ತಪ್ರತಿಗಳನ್ನು ಕಾರ್ಯದರ್ಶಿಯ ವಶಕ್ಕೆ ಒಪ್ಪಿಸಿದ್ದರಿಂದ ಅದೇ ವರ್ಷ ಗ್ರಂಥ ಬೆಳಕು ಕಂಡಿತು.

ಆಕ್ಷೇಪಗಳು ಎರಡೂ ಕಡೆಯಿಂದ ಬಂದವು. 1961ರಲ್ಲಿ ಜೀವವಿಜ್ಞಾನಿ ಪೀಟರ್ ಮೆಡವಾರ್ ಆ ಗ್ರಂಥವನ್ನು ಕಟುವಾಗಿ ಖಂಡಿಸಿದರು. 1962ರಲ್ಲಿ ವ್ಯಾಟಿಕನ್ ಎಚ್ಚರಿಕೆ ಹೊರಡಿಸಿತು. ವಿಕಾಸಕ್ಕೆ ಮೊದಲೇ ನಿಶ್ಚಿತವಾದ ಗುರಿಯುಂಟೆಂಬುದನ್ನು ಇಂದಿನ ಜೀವವಿಜ್ಞಾನ ಒಪ್ಪುವುದಿಲ್ಲ. ಆದರೂ 1996ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ವಿಕಾಸವಾದವು ಬರಿಯ ಊಹೆಯಲ್ಲವೆಂದು ಒಪ್ಪಿಕೊಂಡರು. 2023ರಲ್ಲಿ ಮಂಗೋಲಿಯದ ಬಲಿಪೂಜೆಯಲ್ಲಿ ಪೋಪ್ ಫ್ರಾನ್ಸಿಸ್, ನೂರು ವರ್ಷಗಳ ಹಿಂದಿನ ಆ ಮರುಭೂಮಿಯ ನೈವೇದ್ಯವನ್ನು ಆದರದಿಂದ ನೆನೆದರು.

ಟೆಯಾರ್ ಅವರ ಉತ್ತರಗಳನ್ನೆಲ್ಲ ನಾವು ಒಪ್ಪಬೇಕಿಲ್ಲ. ಸತ್ಯಕ್ಕೆ ಹೆದರುವ ಶ್ರದ್ಧೆ ಶ್ರದ್ಧೆಯೇ ಅಲ್ಲವೆಂಬುದನ್ನು ಅವರು ಬಾಳಿ ತೋರಿಸಿದರು. ಯಾವ ಧರ್ಮದ ಮನೆಯಲ್ಲಿ ಬೆಳೆದವರಿಗೂ ಈ ಮಾತು ಸಲ್ಲುತ್ತದೆ.