ಹೃದಯ ಪರೀಕ್ಷೆಗೆ ದಾರಿ ತೋರಿದ ಹೆವೆಸಿ

ಎದೆ ಕೊಯ್ಯದೆ, ಹೃದಯದವರೆಗೆ ಕೊಳವೆ ತೂರಿಸದೆ, ಹೃದಯದ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತಿದೆ ಎಂಬುದನ್ನು ಪೆಟ್ ಸ್ಕ್ಯಾನ್ ಇಂದು ಅಳೆದು ಹೇಳುತ್ತದೆ. ಈ ವಿದ್ಯೆಯ ಮೂಲವನ್ನು ಅರಸಿ ಹೊರಟರೆ ರಸಾಯನ ವಿಜ್ಞಾನಿಯೊಬ್ಬರ ಸೋಲಿನ ಬಳಿ ಬಂದು ನಿಲ್ಲುತ್ತೇವೆ. ಅವರೇ ಜಾರ್ಜ್ ಡಿ ಹೆವೆಸಿ.

1885ರ ಆಗಸ್ಟ್ 1ರಂದು ಬುಡಾಪೆಸ್ಟ್‌ನ ಸಿರಿವಂತ ಯಹೂದಿ ಮೂಲದ ಕುಟುಂಬದಲ್ಲಿ ಜನಿಸಿದ ಹೆವೆಸಿ, 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಬಂದು ಅರ್ನೆಸ್ಟ್ ರುದರ್‌ಫೋರ್ಡ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿದ್ದ ಸೀಸದ ರಾಶಿಯಲ್ಲಿ ಬೆರೆತಿದ್ದ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತುವನ್ನು ಬೇರ್ಪಡಿಸುವ ಕೆಲಸವನ್ನು ಗುರುಗಳು ಅವರಿಗೆ ವಹಿಸಿದರು. ಹೆವೆಸಿ ಮಾಡದ ಪ್ರಯತ್ನವಿಲ್ಲ, ಒಂದೂ ಫಲಿಸಲಿಲ್ಲ. ಫಲಿಸುವಂತೆಯೂ ಇರಲಿಲ್ಲ. ರೇಡಿಯಂ-ಡಿ ಎಂಬುದು ಸೀಸದ್ದೇ ಇನ್ನೊಂದು ರೂಪವೆಂಬುದು ಆಗಿನ್ನೂ ಸ್ಪಷ್ಟವಾಗಿರಲಿಲ್ಲ.

ಮತ್ತೊಬ್ಬರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರೇನೋ. ಹೆವೆಸಿ ಸಮಸ್ಯೆಯನ್ನೇ ತಿರುವಿ ಹಾಕಿದರು. ಬೇರ್ಪಡಿಸಲು ಬಾರದ ವಸ್ತುವನ್ನು ಬೇಕೆಂದೇ ಸೀಸಕ್ಕೆ ಬೆರೆಸಿದರೆ, ಸೀಸ ಹೋದಲ್ಲೆಲ್ಲ ಅದೂ ಹೋಗುತ್ತದೆ, ತನ್ನ ಕಿರಣಗಳಿಂದ ಜಾಡನ್ನೂ ತಿಳಿಸುತ್ತದೆ. 1913ರಲ್ಲಿ ವಿಯೆನ್ನಾದಲ್ಲಿ ಫ್ರಿಟ್ಜ್ ಪಾನೆತ್ ಅವರೊಡಗೂಡಿ ಈ ಉಪಾಯವನ್ನು ಕಾರ್ಯರೂಪಕ್ಕೆ ತಂದರು. ಮ್ಯಾಂಚೆಸ್ಟರ್‌ನ ವಸತಿಗೃಹದೊಡತಿ ಹಳಸಲು ಮಾಂಸವನ್ನೇ ಮತ್ತೆ ಬಡಿಸುತ್ತಾಳೆಂಬ ಗುಮಾನಿಯಿಂದ ತಟ್ಟೆಯಲ್ಲಿ ಉಳಿದ ತುಣುಕಿಗೆ ವಿಕಿರಣ ವಸ್ತು ಸೇರಿಸಿ, ಮುಂದಿನ ಊಟದಲ್ಲಿ ಅದನ್ನು ಪತ್ತೆಹಚ್ಚಿದರೆಂಬ ಕಥೆಯೂ ಪ್ರಚಾರದಲ್ಲಿದೆ.

ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದಾಗ, 1923ರಲ್ಲಿ, ಅವರೆಕುಲದ ಗಿಡವೊಂದು ಬೇರಿನಿಂದ ಸೀಸವನ್ನು ಹೀರುವುದನ್ನು ಹೆವೆಸಿ ಅಳೆದರು. ಹ್ಯಾಫ್ನಿಯಂ ಧಾತುವಿನ ಶೋಧವೂ ಅದೇ ವರ್ಷದ್ದು. ಆದರೆ ಸೀಸ ವಿಷ. ಜೀವಿಗಳ ದೇಹದಲ್ಲಿ ಅದು ಹೆಚ್ಚು ಪ್ರಯೋಜನಕ್ಕೆ ಬಾರದು. 1934ರಲ್ಲಿ ಜೋಲಿಯೊ-ಕ್ಯೂರಿ ದಂಪತಿ ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದ ಮೇಲೆ ಆ ಅಡ್ಡಿಯೂ ನೀಗಿತು. ಮರುವರ್ಷವೇ ಹೆವೆಸಿ ಇಲಿಗಳಿಗೆ ವಿಕಿರಣಶೀಲ ರಂಜಕ ಉಣಿಸಿ, ಮೂಳೆ ಸದಾ ನವೀಕರಣಗೊಳ್ಳುತ್ತಿರುತ್ತದೆಂದು ತೋರಿಸಿದರು.

1940ರ ಏಪ್ರಿಲ್‌ನಲ್ಲಿ ನಾಜಿ ಸೇನೆ ಕೋಪನ್‌ಹೇಗನ್‌ಗೆ ನುಗ್ಗಿತು. ಸಂಸ್ಥೆಯಲ್ಲಿ ಭದ್ರವಾಗಿರಿಸಿದ್ದ ಮ್ಯಾಕ್ಸ್ ಫಾನ್ ಲೌ ಹಾಗೂ ಜೇಮ್ಸ್ ಫ್ರಾಂಕ್ ಅವರ ನೊಬೆಲ್ ಪದಕಗಳು ಸೈನಿಕರ ಕೈಸೇರಿದರೆ ಲೌ ಅವರ ಪ್ರಾಣಕ್ಕೇ ಸಂಚಕಾರವಿತ್ತು. ಹೆವೆಸಿ ಎರಡನ್ನೂ ಆಮ್ಲರಾಜದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಅದೇ ಚಿನ್ನದಿಂದ ಪದಕಗಳು ಮರುಜನ್ಮ ಪಡೆದವು. 1943ರಲ್ಲಿ ಸ್ವತಃ ಹೆವೆಸಿ ಸ್ವೀಡನ್‌ಗೆ ಪಾರಾದರು. ಆ ಸಾಲಿನ ರಸಾಯನಶಾಸ್ತ್ರ ನೊಬೆಲ್ ಅವರಿಗೆ ಸಂದದ್ದು 1944ರಲ್ಲಿ.

1966ರ ಜುಲೈ 5ರಂದು ಜರ್ಮನಿಯ ಫ್ರೈಬರ್ಗ್‌ನಲ್ಲಿ ನಿಧನರಾದ ಅವರು ಪೆಟ್ ಸ್ಕ್ಯಾನ್ ಕಾಣಲಿಲ್ಲ. ಆದರೆ ಅದರ ತತ್ವ ಅವರದ್ದೇ. ರುಬಿಡಿಯಂ-82 ಅಥವಾ ವಿಕಿರಣಶೀಲ ಅಮೋನಿಯಾವನ್ನು ತೋಳಿನ ಅಭಿಧಮನಿಗೆ ಚುಚ್ಚಿದರೆ ಅದು ರಕ್ತದೊಡನೆ ಸಾಗಿ ಹೃದಯಸ್ನಾಯುವನ್ನು ಸೇರುತ್ತದೆ. ಸುಮಾರು 75 ಸೆಕೆಂಡುಗಳಲ್ಲಿ ಅರ್ಧಕ್ಕಿಳಿಯುವ ರುಬಿಡಿಯಂ ಬಲು ಬೇಗ ಮಾಯವಾಗುತ್ತದೆ. ಹೃದಯದ ಕೋಣೆಯಲ್ಲೂ ಸ್ನಾಯುವಿನಲ್ಲೂ ಕ್ಷಣಕ್ಷಣಕ್ಕೆ ಬದಲಾಗುವ ಕಿರಣಗಳ ಪ್ರಮಾಣದಿಂದ ರಕ್ತದ ಹರಿವನ್ನು ಲೆಕ್ಕ ಹಾಕಲಾಗುತ್ತದೆ. ವಿಶ್ರಾಂತಿಯಲ್ಲಿ ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಮಿಲಿಲೀಟರ್ ರಕ್ತ ಹರಿಯುತ್ತದೆ. ರಕ್ತನಾಳ ಹಿಗ್ಗಿಸುವ ಔಷಧ ಕೊಟ್ಟಾಗ ಆರೋಗ್ಯವಂತರಲ್ಲಿ ಇದು ಎರಡು-ಮೂರು ಪಟ್ಟಿಗೂ ಮೀರಿ ಏರಬಲ್ಲದು.

ಒಂದು ಭಾಗವನ್ನು ಮತ್ತೊಂದಕ್ಕೆ ಹೋಲಿಸಿ ನೋಡುವ ಸಾಮಾನ್ಯ ಸ್ಕ್ಯಾನ್‌ಗೆ, ಹೃದಯದ ಮೂರೂ ಪ್ರಮುಖ ರಕ್ತನಾಳಗಳು ಸಮನಾಗಿ ಕಿರಿದಾಗಿದ್ದರೆ ಎಲ್ಲವೂ ಸರಿಯಾಗಿರುವಂತೆಯೇ ಕಾಣಬಹುದು. ಹರಿವನ್ನು ಮಿಲಿಲೀಟರ್ ಲೆಕ್ಕದಲ್ಲಿ ಅಳೆದಾಗ ಆ ಕೊರತೆ ಬಯಲಿಗೆ ಬರುತ್ತದೆ.