ಕಸಿ ಒಲ್ಲದ ಮೈ: ಪೀಟರ್ ಮೆಡಾವರ್

ಹಟ್ಟಿಯಂಗಡಿಯಲ್ಲಿ ಗೆಳೆಯನೊಬ್ಬನ ಮನೆಗೆ ಹೋಗಿದ್ದಾಗ ಅವನ ಅಜ್ಜಯ್ಯ ಅಂಗಳದಲ್ಲಿ ಮಾವಿನ ಗಿಡಕ್ಕೆ ಕಸಿ ಕಟ್ಟುತ್ತಿದ್ದರು. ಜಗಲಿಯಲ್ಲಿ ಅವನ ಮಾವ ಗಡಿಯಾರ ನೋಡಿ ಮಾತ್ರೆ ನುಂಗುತ್ತಿದ್ದರು. ಅವರಿಗೂ ಆದದ್ದು ಕಸಿಯೇ, ಮೂತ್ರಪಿಂಡದ್ದು. ಕೊಟ್ಟವರು ಸ್ವಂತ ಅಕ್ಕ. ಮಾವಿಗೆ ಬೇಡದ ಮಾತ್ರೆ ಮನುಷ್ಯನಿಗೆ ಯಾಕೆ ದಿನಾ ಬೇಕು? ಇದನ್ನ ಹುಡುಕುತ್ತಾ ಹೋದ ನಮಗೆ ಸಿಕ್ಕಿದವರು ಪೀಟರ್ ಮೆಡಾವರ್.

ಮೆಡಾವರ್ ಹುಟ್ಟಿದ್ದು 1915ರಲ್ಲಿ, ಬ್ರೆಜಿಲ್‌ನಲ್ಲಿ. ತಂದೆ ಲೆಬನಾನ್ ಮೂಲದವರು, ತಾಯಿ ಇಂಗ್ಲೆಂಡಿನವರು. ಆಕ್ಸ್‌ಫರ್ಡ್‌ನಲ್ಲಿ ಪ್ರಾಣಿಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ಮನೆ ಹತ್ತಿರವೇ ಒಂದು ವಿಮಾನ ಬಿತ್ತು. ಮೈಯೆಲ್ಲ ಸುಟ್ಟುಹೋದ ಆ ವೈಮಾನಿಕನಿಗೆ ಚರ್ಮ ಎಲ್ಲಿಂದ ತರೋದು? ಆ ಪ್ರಶ್ನೆ ಅವರನ್ನ ಬಿಡಲಿಲ್ಲ.

ಮುಂದೆ ಗ್ಲಾಸ್ಗೋ ಆಸ್ಪತ್ರೆಯಲ್ಲಿ ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರ ಜೊತೆ ಸೇರಿದರು. ಅಲ್ಲಿ ಸುಟ್ಟಗಾಯದ ಒಬ್ಬ ಹೆಂಗಸಿಗೆ ಅಣ್ಣನೋ ತಮ್ಮನೋ ಆದವನ ಚರ್ಮದ ಚೂರುಗಳನ್ನ ಹಚ್ಚಿದರು. ಮೊದಲು ಹಿಡಿದ ಹಾಗೆ ಕಂಡಿತು, ಆಮೇಲೆ ಕರಗಿಹೋಯಿತು. ಅದೇ ವ್ಯಕ್ತಿಯ ಚರ್ಮವನ್ನ ಎರಡನೇ ಸಲ ಹಚ್ಚಿದಾಗ ಇನ್ನೂ ಬೇಗ ಹೋಯಿತು. ನಮಗೆ ಇಡೀ ಕತೆಯಲ್ಲಿ ದೊಡ್ಡದು ಅನ್ನಿಸೋದು ಇದೇ. ಚರ್ಮ ಸುಮ್ಮನೆ ಬಾಡಿದ್ದಾದರೆ ಎರಡು ಸಲವೂ ಒಂದೇ ಹೊತ್ತು ಹಿಡಿಯಬೇಕಿತ್ತು. ಬೇಗ ಹೋಯಿತು ಅಂದ್ರೆ ಮೈಗೆ ನೆನಪಿದೆ! ಸಿಡುಬನ್ನ ನೆನಪಿಡುವ ವ್ಯವಸ್ಥೆಯೇ ಒಡಹುಟ್ಟಿದವನ ಚರ್ಮವನ್ನೂ ನೆನಪಿಟ್ಟಿದೆ. ಈ ವರದಿ ಬಂದದ್ದು 1943ರಲ್ಲಿ.

ಆ ನೆನಪು ಇರೋದು ಎಲ್ಲಿ, ರಕ್ತದ ಪ್ರತಿಕಾಯಗಳಲ್ಲೋ, ಜೀವಕೋಶಗಳಲ್ಲೋ? ಮೆಡಾವರ್ ಅವರ ಶಿಷ್ಯ ಮಿಚಿಸನ್ 1950ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ, ದುಗ್ಧಗ್ರಂಥಿಯ ಕೋಶಗಳನ್ನ ಸಾಗಿಸಿದರೆ ತಿರಸ್ಕಾರವೂ ಜೊತೆಗೇ ಸಾಗುತ್ತದೆ ಅಂತ ತೋರಿಸಿದರು. ಈಗ ನಾವು ಟಿ-ಕೋಶ ಅನ್ನೋದು ಇವುಗಳಲ್ಲೇ ಒಂದು ಬಗೆ. ಹೊಸ ಮೂತ್ರಪಿಂಡದ ಕೋಶಗಳ ಮೇಲಿರುವ ಎಚ್‌ಎಲ್‌ಎ ಗುರುತು ತನ್ನದಲ್ಲ ಅಂತ ಕಂಡ ಕೂಡಲೇ ಕೆಲವು ಟಿ-ಕೋಶಗಳು ಉಳಿದವನ್ನ ಕರೆಯುತ್ತವೆ, ಕೆಲವು ನೇರವಾಗಿ ಕೊಲ್ಲುತ್ತವೆ. ಬಿ-ಕೋಶಗಳಿಂದ ಬರುವ ಪ್ರತಿಕಾಯಗಳು ರಕ್ತನಾಳಗಳನ್ನ ಕೆಡಿಸುತ್ತವೆ. ತದ್ರೂಪಿ ಅವಳಿಗಳಲ್ಲಿ ಗುರುತು ಒಂದೇ. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಮೂತ್ರಪಿಂಡ ಕಸಿ ಗೆದ್ದದ್ದು ಅದಕ್ಕೇ.

1953ರಲ್ಲಿ ಮೆಡಾವರ್, ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಮೂವರೂ ಸೇರಿ ಗರ್ಭದಲ್ಲಿದ್ದ ಇಲಿಮರಿಗಳಿಗೆ ಬೇರೆ ತಳಿಯ ಕೋಶಗಳನ್ನ ಚುಚ್ಚಿದರು. ದೊಡ್ಡವಾದ ಮೇಲೆ ಅವು ಆ ತಳಿಯ ಚರ್ಮವನ್ನ ಒಪ್ಪಿಕೊಂಡವು. 1960ರಲ್ಲಿ ಆಸ್ಟ್ರೇಲಿಯಾದ ಬರ್ನೆಟ್ ಜೊತೆ ನೊಬೆಲ್ ಬಂತು.

ಮಜಾ ಏನಂದ್ರೆ, ಆಕ್ಸ್‌ಫರ್ಡ್‌ನ ಒಂದು ಭಾಷಣದ ನಂತರ ಇದರಿಂದ ರೋಗಿಗಳಿಗೆ ಉಪಯೋಗ ಇದೆಯಾ ಅಂತ ಯಾರೋ ಕೇಳಿದಾಗ ಮೆಡಾವರ್ ಏನೂ ಇಲ್ಲ ಅಂದುಬಿಟ್ಟರಂತೆ. ಕೇಳುತ್ತಾ ಕೂತಿದ್ದ ಯುವ ವೈದ್ಯ ರಾಯ್ ಕಾನ್ ಅದನ್ನ ಒಪ್ಪಲಿಲ್ಲ. ಟಿ-ಕೋಶಗಳನ್ನ ತಡೆಯುವ ಮದ್ದುಗಳ ಹಿಂದೆ ಬಿದ್ದರು. ಮೊದಲು ಅಜಾಥಯೋಪ್ರಿನ್, 1978ರಲ್ಲಿ ಸೈಕ್ಲೋಸ್ಪೊರಿನ್. ಅಷ್ಟರೊಳಗೆ, 1971ರಲ್ಲೇ, ನಮ್ಮ ದೇಶದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ವೆಲ್ಲೂರಿನಲ್ಲಿ ಆಗಿತ್ತು.

1969ರಲ್ಲಿ ಎಕ್ಸೆಟರ್ ಚರ್ಚಿನಲ್ಲಿ ಓದುತ್ತಿರುವಾಗಲೇ ಮೆಡಾವರ್ ಪಾರ್ಶ್ವವಾಯು ಬಡಿದು ಕುಸಿದರು. ಅರ್ಧ ಮೈ ಸೋತರೂ ಲ್ಯಾಬ್ ಬಿಡಲಿಲ್ಲ, ಪುಸ್ತಕ ಬರೆಯೋದೂ ಬಿಡಲಿಲ್ಲ. ತೀರಿಹೋದದ್ದು 1987ರ ಅಕ್ಟೋಬರ್ 2ರಂದು.

ಗೆಳೆಯನ ಮಾವ ನುಂಗುವುದು ಟ್ಯಾಕ್ರೊಲಿಮಸ್, ಅದೂ ಟಿ-ಕೋಶಗಳ ಕರೆಯನ್ನೇ ತಡೆಯುವಂಥದ್ದು. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಎರಡು ದಿನ ತಪ್ಪಿದರೆ ಏನಾದೀತು ಅಂತ ಕೇಳಿದೆವು. ಅವರು ಏನೂ ಹೇಳದೆ ಅಕ್ಕನ ಮನೆ ಕಡೆ ನೋಡಿದರು.